ಡಿಕಿ ಕನ್ನಡಕ ಹಾಕಿಕೊಂಡಿದ್ದು ಹೇಗೆ

ಮೂರೂವರೆ ವರ್ಷದ ಹುಡುಗ. ಇನ್ನು 6 ತಿಂಗಳೊಳಗೆ ಕನ್ನಡಕ ಹಾಕಿಕೊಳ್ಳಲು ಶುರು ಮಾಡದಿದ್ದರೆ ಕಣ್ಣಿನ ನಡುಭಾಗದ ನೋಟ, ಅಂದರೆ ಮುಖ ಗುರುತಿಸಲು, ಅಕ್ಷರ ಓದಲು ಬೇಕಾದ ನೋಟ, ಮತ್ತೆ ಬಾರದ ಹಾಗೆ ಹೋಗಿಬಿಡುತ್ತದೆ ಅಂತ ಕಣ್ಣಿನ ಡಾಕ್ಟರ್ ಹೇಳಿದ್ದಾರೆ. ಅಪ್ಪ ಅಮ್ಮ ಒಂದು ವರ್ಷಕ್ಕೂ ಜಾಸ್ತಿ ಕಾಲ ಪ್ರಯತ್ನಪಟ್ಟು ಸೋತಿದ್ದಾರೆ. ಕನ್ನಡಕ ಮುಖದ ಹತ್ತಿರ ಬಂದರೆ ಸಾಕು, ರಚ್ಚೆ. ಅದು ಚಾಕಲೇಟಿಗೆ ಹಿಡಿಯುವ ರಚ್ಚೆಯಲ್ಲ. ತಲೆ ಚಚ್ಚಿಕೊಳ್ಳುವುದು, ಕೆನ್ನೆಗೆ ಹೊಡೆದುಕೊಳ್ಳುವುದು, ಕೂದಲು ಕಿತ್ತುಕೊಳ್ಳುವುದು, ಮುಖ ಪರಚಿಕೊಳ್ಳುವುದು. ಒಂದು ಜೋರಾದ ರಚ್ಚೆ ಮುಗಿಯುವ ಹೊತ್ತಿಗೆ ಮೈಯೆಲ್ಲ ಕಂದಿ ರಕ್ತ ಬರುತ್ತಿತ್ತು ಅಂತ ಅಮ್ಮ ಹೇಳಿದ್ದು ದಾಖಲಾಗಿದೆ.

ಇದು 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದದ್ದು. ಹುಡುಗನ ಬಗ್ಗೆ ಬಂದ ಸಂಶೋಧನಾ ಪ್ರಬಂಧದಲ್ಲಿ ಅವನನ್ನು ಡಿಕಿ ಅಂತ ಕರೆದಿದ್ದಾರೆ. ಅವನ ಜೊತೆ ಕೆಲಸ ಮಾಡಿ 1964ರಲ್ಲಿ ಅದನ್ನು ಬರೆದವರು ಮೂವರು: ಮಾಂಟ್ರೋಸ್ ವುಲ್ಫ್, ಟಾಡ್ ರಿಸ್ಲಿ, ಹೇಡನ್ ಮೀಸ್. ನಡವಳಿಕೆಯನ್ನು ಗಮನಿಸಿ, ಅದರ ಫಲವನ್ನು ಬದಲಾಯಿಸಿ ಮಕ್ಕಳಿಗೆ, ಅದರಲ್ಲೂ ಆಟಿಸಂ ಇರುವ ಮಕ್ಕಳಿಗೆ, ಕಲಿಸುವ ಒಂದು ವಿಧಾನವಿದೆ. ಎಬಿಎ, ಅಂದರೆ ಅನ್ವಯಿಕ ವರ್ತನಾ ವಿಶ್ಲೇಷಣೆ ಅಂತ ಇವತ್ತು ನಾವು ಕರೆಯುವ ಆ ವಿಧಾನಕ್ಕೆ ಆಗ ಒಂದು ಹೆಸರು ಕೂಡ ಗಟ್ಟಿಯಾಗಿ ನಿಂತಿರಲಿಲ್ಲ. ಆ ಕ್ಷೇತ್ರದ ಮುಖ್ಯ ಪತ್ರಿಕೆ ಶುರುವಾಗಿದ್ದು 1968ರಲ್ಲಿ. ಅದರ ಮೊದಲ ಸಂಪಾದಕ ಇದೇ ವುಲ್ಫ್. ಹಾಗಾಗಿ ಡಿಕಿಯ ಪ್ರಕರಣ ಆ ದಾರಿಯ ಮೊದಲ ಕೆಲವು ಹೆಜ್ಜೆಗಳಲ್ಲಿ ಒಂದು.

ನಾನು ಇದನ್ನು ಮತ್ತೆ ಮತ್ತೆ ಓದುವುದಕ್ಕೆ ಕಾರಣ ಬೇರೆ. ಎಬಿಎ ಅಂದ ತಕ್ಷಣ ನಮ್ಮಲ್ಲಿ ತುಂಬಾ ಜನರಿಗೆ ಒಂದೇ ಚಿತ್ರ ಬರುತ್ತದೆ. ಮೇಜು, ಕುರ್ಚಿ, ಒಂದು ಕಾರ್ಡು, ಒಂದು ಜೆಮ್ಸ್ ಗುಳಿಗೆ. ಮಾಡು, ತಿನ್ನು. ಈ ಪ್ರಕರಣದಲ್ಲಿ ತಿನಿಸು ಇದೆ ನಿಜ. ಆದರೆ ಹೆಚ್ಚು ಕಲಿಸುವುದು ಆ ತಿನಿಸು ಕೆಲಸ ಮಾಡದೇ ಹೋದ ವಾರಗಳು.

ಮೊದಲು ಹಿನ್ನೆಲೆ. ಡಿಕಿ ಹುಟ್ಟಿದಾಗ ಏನೂ ತೊಂದರೆ ಇದ್ದಂತೆ ಕಾಣಲಿಲ್ಲ. ಒಂಬತ್ತನೇ ತಿಂಗಳಲ್ಲಿ ಎರಡೂ ಕಣ್ಣಿಗೆ ಪೊರೆ ಬಂದಿರುವುದು ಗೊತ್ತಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ರಚ್ಚೆ, ನಿದ್ದೆಯ ತೊಂದರೆ ಶುರುವಾಯಿತು. ಎರಡನೇ ವರ್ಷದಲ್ಲಿ ಒಂದರ ಹಿಂದೆ ಒಂದು ಆಪರೇಷನ್ ಮಾಡಿ ಕೊನೆಗೆ ಕಣ್ಣೊಳಗಿನ ಲೆನ್ಸನ್ನೇ ತೆಗೆದರು. ಇವತ್ತಿನ ಹಾಗೆ ಒಳಗೇ ಬೇರೆ ಲೆನ್ಸ್ ಕೂರಿಸುವ ಕಾಲ ಅದಲ್ಲ. ಹೊರಗೆ ಕನ್ನಡಕ ಹಾಕಲೇಬೇಕು. ಒಂದು ನಿಮಿಷ ಅವನ ಜಾಗದಲ್ಲಿ ನಿಂತು ನೋಡಿ. ಲೋಕವೆಲ್ಲ ಮಸುಕು, ಯಾರ್ಯಾರೋ ದೊಡ್ಡವರು ಕೈ ಕಾಲು ಹಿಡಿದು ಕಣ್ಣಿಗೇ ಏನೋ ಮಾಡುತ್ತಾರೆ, ಆಮೇಲೆ ಒಂದು ಭಾರದ ವಸ್ತು ತಂದು ಮೂಗಿನ ಮೇಲೆ ಒತ್ತುತ್ತಾರೆ. ಅವನು ತಳ್ಳಿದ್ದರಲ್ಲಿ ಏನು ಆಶ್ಚರ್ಯ?

ರಾತ್ರಿ ಮಲಗುತ್ತಿರಲಿಲ್ಲ. ಅಪ್ಪ ಅಥವಾ ಅಮ್ಮ, ಕೆಲವು ಸಲ ಇಬ್ಬರೂ, ಹಾಸಿಗೆ ಪಕ್ಕದಲ್ಲೇ ಕೂತಿರಬೇಕು. ಊಟ ಸರಿಯಿಲ್ಲ. ಅವನ ವಯಸ್ಸಿಗೆ ತಕ್ಕ ಮಾತಿಲ್ಲ. ನಿದ್ದೆ ಮಾತ್ರೆ ಕೊಟ್ಟರು, ಕೈಕಾಲು ಕಟ್ಟಿಯೂ ನೋಡಿದರು. ಒಬ್ಬೊಬ್ಬ ತಜ್ಞರು ಒಂದೊಂದು ಹೆಸರು ಇಟ್ಟರು: ಬುದ್ಧಿಮಾಂದ್ಯ, ಮೆದುಳಿಗೆ ಪೆಟ್ಟು, ಮನೋರೋಗ. ಇವನನ್ನು ಸಂಸ್ಥೆಯೊಂದರಲ್ಲಿ ಬಿಟ್ಟುಬಿಡಿ ಅಂತ ಒಬ್ಬರ ಸಲಹೆ. ಮೂರನೇ ವಯಸ್ಸಿಗೆ ಮಕ್ಕಳ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ಕೊಟ್ಟ ಹೆಸರು ಬಾಲ್ಯದ ಸ್ಕಿಜೋಫ್ರೇನಿಯಾ. 3 ತಿಂಗಳು ಇದ್ದು ಬಂದ. ಕನ್ನಡಕದ ವಿಷಯದಲ್ಲಿ ಏನೂ ಮುಂದುವರಿಯಲಿಲ್ಲ. ಆಮೇಲೆಯೇ ಕಣ್ಣಿನ ಡಾಕ್ಟರ್ ಆ 6 ತಿಂಗಳ ಗಡುವು ಕೊಟ್ಟದ್ದು, ಮತ್ತು ಆಗಲೇ ಈ ಮೂವರನ್ನು ಕರೆದದ್ದು.

ಇವರು ಕೇಳಿದ ಪ್ರಶ್ನೆ ಬೇರೆ ಥರದ್ದು. ಇವನಿಗೆ ಇರುವ ಕಾಯಿಲೆಯ ಹೆಸರು ಏನು ಅಂತ ಅಲ್ಲ. ಇವನು ಈಗ ಏನು ಮಾಡುತ್ತಿದ್ದಾನೆ, ಮಾಡಿದ ಮರುಕ್ಷಣ ಅವನಿಗೆ ಏನು ಸಿಗುತ್ತಿದೆ, ನಾವು ಆ ಮರುಕ್ಷಣವನ್ನು ಬದಲಾಯಿಸಿದರೆ ಏನಾಗುತ್ತದೆ. ಎಬಿಎ ಕಲಿಯುವವರಿಗೆ ಮೊದಲ ದಿನ ಹೇಳಿಕೊಡುವುದೇ ಇದನ್ನು: ಮುಂಚೆ ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಕೇಳಲು ಸುಲಭ. ಮಗು ತಲೆ ಚಚ್ಚಿಕೊಳ್ಳುತ್ತಿರುವಾಗ ನಿಂತು ಇದನ್ನು ನೋಡಿ ಬರೆದುಕೊಳ್ಳುವುದು ಸುಲಭವಲ್ಲ.

ಎರಡು ತೀರ್ಮಾನ ಮೊದಲೇ ಆದವು. ಕೆಲಸ ಆಸ್ಪತ್ರೆಯಲ್ಲಿ ಶುರುವಾಗಬೇಕು, ಆದರೆ ಕೊನೆಗೆ ಅಪ್ಪ ಅಮ್ಮನ ಕೈಗೇ ಬರಬೇಕು. ಸ್ವಲ್ಪ ಕಾಲ ಅಪ್ಪ ಅಮ್ಮನ ಭೇಟಿಯನ್ನು ತುಂಬಾ ಕಡಿಮೆ ಮಾಡಿ, ಆಮೇಲೆ ನಿಧಾನವಾಗಿ ಹೆಚ್ಚಿಸುತ್ತಾ, ಅವರು ಮಗುವನ್ನು ಮಲಗಿಸುವುದು, ರಚ್ಚೆಯನ್ನು ನಿಭಾಯಿಸುವುದು ಹೇಗೆ ಅಂತ ಅಲ್ಲೇ ಕಲಿಸಿದರು. ಆ ಕಾಲದಲ್ಲಿ ಇದು ದೊಡ್ಡ ವಿಷಯ. ಮಗು ಹೀಗಾಗಲು ಅಮ್ಮ ಪ್ರೀತಿ ಕೊಡದಿದ್ದದ್ದೇ ಕಾರಣ ಅಂತ ದೊಡ್ಡ ದೊಡ್ಡ ಡಾಕ್ಟರುಗಳೇ ಹೇಳುತ್ತಿದ್ದ ದಿನಗಳವು. ಎಷ್ಟು ತಾಯಂದಿರು ಆ ಮಾತನ್ನು ಎದೆಯಲ್ಲಿ ಇಟ್ಟುಕೊಂಡು ಬದುಕಿದರೋ. ಇಲ್ಲಿ ಅದೇ ಅಮ್ಮನನ್ನು ಮುಂದೆ ಕಲಿಸುವವಳು ಅಂತ ಎಣಿಸಿ ಕೂರಿಸಿಕೊಂಡರು.

ಈಗ ರಚ್ಚೆ. ಅದು ಕಡಿಮೆಯಾಗದೆ ಕನ್ನಡಕದ ಮಾತೇ ಇಲ್ಲ, ಏಕೆಂದರೆ ಮೈಮೇಲೆ ರಕ್ತ ಬರುವಾಗ ಏನನ್ನೂ ಕಲಿಸಲು ಆಗುವುದಿಲ್ಲ. ಅವರು ಮಾಡಿದ್ದು ಹೀಗೆ. ರಚ್ಚೆ ಶುರುವಾದರೆ ಡಿಕಿಯನ್ನು ಅವನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕುವುದು. ರಚ್ಚೆ ನಿಂತರೆ ಬಾಗಿಲು ತೆರೆಯುವುದು. ಬೈಗುಳ ಇಲ್ಲ, ಹೊಡೆತ ಇಲ್ಲ, ಸಮಾಧಾನವೂ ಇಲ್ಲ. ಇದೇ ಟೈಮ್‌ಔಟ್. ಇವತ್ತು ಮನೆ ಮನೆಯಲ್ಲಿ ಕೇಳುವ ಈ ಮಾತು ಜನರ ಬಾಯಿಗೆ ಬಂದದ್ದರಲ್ಲಿ ವುಲ್ಫ್ ಅವರ ಪಾತ್ರ ದೊಡ್ಡದು. ಈ ಪದದ ಪೂರ್ತಿ ಅರ್ಥವನ್ನು ನಾವು ಅರ್ಧಕ್ಕೆ ಕತ್ತರಿಸಿಬಿಟ್ಟಿದ್ದೇವೆ ಅಂತ ನನಗೆ ಬೇಸರ. ಮೂಲದಲ್ಲಿ ಅದು ‘ಸಿಗುತ್ತಿದ್ದದ್ದು ಸ್ವಲ್ಪ ಹೊತ್ತು ಸಿಗದಿರುವುದು’. ಹೊರಗೆ ಸಿಗಲು ಏನಾದರೂ ಒಳ್ಳೆಯದು ಇದ್ದರೆ ಮಾತ್ರ ಅದಕ್ಕೆ ಅರ್ಥ. ಹೊರಗೆ ಆಟವಿಲ್ಲ, ಮಾತಿಲ್ಲ, ನಗುವಿಲ್ಲ, ಬರೀ ಬೇಡದ ಪಾಠ ಇದೆ ಅಂದರೆ ಮಗುವಿಗೆ ಕೋಣೆಯೇ ವಾಸಿ. ಆಗ ಕೋಣೆಗೆ ಕಳಿಸುವುದು ಶಿಕ್ಷೆಯಾಗುವ ಬದಲು ಬಹುಮಾನವಾಗುತ್ತದೆ, ಮತ್ತು ರಚ್ಚೆ ಹೆಚ್ಚಾಗುತ್ತದೆ.

ಡಿಕಿಯ ಪ್ರಕರಣದಲ್ಲಿ ರಚ್ಚೆ ಒಂದೇ ದಿನಕ್ಕೆ ಹೋಗಲಿಲ್ಲ. ವಾರಗಳಲ್ಲ, ತಿಂಗಳುಗಳ ಕಾಲ ನಿಧಾನವಾಗಿ ಇಳಿಯಿತು. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ 3 ದಿನ ಮಾಡಿ ನೋಡಿದೆವು, ಉಪಯೋಗ ಆಗಲಿಲ್ಲ ಅನ್ನುವ ಮಾತು ನಾನು ತುಂಬಾ ಕೇಳುತ್ತೇನೆ.

ನಿದ್ದೆಯದು ಬೇಗ ಸರಿಹೋಯಿತು. ಹೊತ್ತಿಗೆ ಸರಿಯಾಗಿ ಮಲಗಿಸಿ, ಮುದ್ದು ಮಾಡಿ, ಬಾಗಿಲು ತೆರೆದಿಟ್ಟು ಬರುವುದು. ಎದ್ದು ಬಂದರೆ ಮಲಗು, ಇಲ್ಲದಿದ್ದರೆ ಬಾಗಿಲು ಹಾಕುತ್ತೇವೆ ಅಂತ ಹೇಳುವುದು. ಮತ್ತೆ ಎದ್ದರೆ ಹೇಳಿದಂತೆ ಬಾಗಿಲು ಹಾಕುವುದು. ಅತ್ತು ನಿಂತ ಮೇಲೆ ತೆರೆಯುವುದು. ಒಂದು ವಾರದೊಳಗೆ ರಾತ್ರಿಯ ಗಲಾಟೆ ಹೆಚ್ಚುಕಡಿಮೆ ಮುಗಿಯಿತು. ಅಳುವಿಗೆ ಮೊದಲು ಸಿಗುತ್ತಿದ್ದದ್ದು ಈಗ ಸಿಗುವುದಿಲ್ಲ ಅಂದಾಗ ಅಳು ನಿಧಾನವಾಗಿ ಆರುತ್ತದೆ, ಇದಕ್ಕೆ ಎಕ್ಸ್‌ಟಿಂಕ್ಷನ್ ಅನ್ನುತ್ತಾರೆ. ಆದರೆ ಆರುವ ಮುಂಚೆ ಒಂದು ಸಲ ಜೋರಾಗಿ ಭುಗಿಲೇಳಬಹುದು. ಮನೆಯಲ್ಲಿ ಮಾಡುವಾಗ ಸೋಲುವುದು ಅಲ್ಲೇ. ಎರಡನೇ ರಾತ್ರಿ ಅಳು ಜೋರಾಗುತ್ತದೆ, ಅಜ್ಜಿ ಒಳಗಿನಿಂದ ‘ಏನು ಕಲ್ಲು ಮನಸ್ಸಮ್ಮಾ ನಿಂದು’ ಅಂತಾರೆ, ಅಮ್ಮ ಹೋಗಿ ಎತ್ತಿಕೊಳ್ಳುತ್ತಾಳೆ. ಮಗು ಅವತ್ತು ಕಲಿತದ್ದು ಏನು? ಸುಮಾರಾಗಿ ಅತ್ತರೆ ಬರುವುದಿಲ್ಲ, ಜೋರಾಗಿ ಅತ್ತರೆ ಬರುತ್ತಾರೆ ಅಂತ. ಅದಕ್ಕೇ ಮನೆಯವರೆಲ್ಲ ಕೂತು ಮಾತಾಡಿ ಒಪ್ಪದೆ ಇದನ್ನು ಶುರು ಮಾಡಲೇಬಾರದು.

ಊಟದ್ದು ಇನ್ನೂ ಚಿಕ್ಕ ಕತೆ. ಚಮಚ ಮುಟ್ಟುತ್ತಿರಲಿಲ್ಲ, ಪಕ್ಕದವರ ತಟ್ಟೆಯಿಂದ ಕಸಿದು ತಿನ್ನುತ್ತಿದ್ದ, ಎಸೆಯುತ್ತಿದ್ದ. ಕೈಯಲ್ಲಿ ತಿಂದರೆ ತಟ್ಟೆಯನ್ನು ಕೆಲವು ನಿಮಿಷ ಪಕ್ಕಕ್ಕಿಟ್ಟರು. ಕಸಿದರೆ, ಎಸೆದರೆ ಆ ಹೊತ್ತಿನ ಊಟದ ಮನೆಯಿಂದ ಹೊರಗೆ. ಕೆಲವು ಸಲದಲ್ಲೇ ನಿಂತಿತು. ಕೈಯಲ್ಲಿ ಉಣ್ಣುವ ನಮಗೆ ಇದನ್ನು ಓದುವಾಗ ಒಂದು ವಿಷಯ ಹೊಳೆಯಬೇಕು: ಯಾವ ನಡವಳಿಕೆಯನ್ನು ಬದಲಾಯಿಸಬೇಕು ಅನ್ನುವುದನ್ನು ಪುಸ್ತಕ ಹೇಳುವುದಿಲ್ಲ, ಆ ಮಗು ಬದುಕುವ ಮನೆ, ಊರು ಹೇಳಬೇಕು. ಚಮಚದ ಗುರಿಯನ್ನು ಹಾಗೇ ನಕಲು ಮಾಡಿ ನಮ್ಮ ಮಕ್ಕಳ ಮೇಲೆ ಹೇರುವುದರಲ್ಲಿ ಅರ್ಥವಿಲ್ಲ. ಮುಂದೆ 1978ರಲ್ಲಿ ವುಲ್ಫ್ ಅವರೇ ಇದರ ಬಗ್ಗೆ ಬರೆದರು. ಗುರಿ, ದಾರಿ, ಫಲ, ಈ ಮೂರೂ ಆ ಜನರಿಗೆ ಒಪ್ಪಿಗೆಯಾ ಅಂತ ಅವರನ್ನೇ ಕೇಳಬೇಕು ಅಂತ.

ಇನ್ನು ಕನ್ನಡಕ. ಮುಖ್ಯ ಭಾಗ ಇದೇ.

ಕಲಿಸಬೇಕಾದದ್ದು ಮಗು ಒಂದು ಸಲವೂ ಮಾಡದ ಕೆಲಸ. ಮಾಡಿದಾಗ ಬಹುಮಾನ ಕೊಡೋಣ ಅಂತ ಕಾಯುತ್ತಾ ಕೂತರೆ ಆ ಗಳಿಗೆ ಬರುವುದೇ ಇಲ್ಲ. ಅದಕ್ಕೆ ಶೇಪಿಂಗ್ ಬೇಕು. ಕುಂಬಾರ ಮಡಕೆ ಮಾಡುವಾಗ ಮಣ್ಣಿನ ಮುದ್ದೆ ಒಂದೇ ಏಟಿಗೆ ಮಡಕೆ ಆಗಲ್ಲ ಅಲ್ವಾ, ಹಾಗೆ. ಗುರಿಯ ಕಡೆಗೆ ಒಂದು ಎಳ್ಳಷ್ಟು ಸರಿದರೂ ಅದಕ್ಕೆ ಫಲ ಕೊಡುವುದು, ಅದು ಗಟ್ಟಿಯಾದ ಮೇಲೆ ಇನ್ನೊಂದು ಎಳ್ಳಷ್ಟು ಜಾಸ್ತಿ ಕೇಳುವುದು.

ವಾರ್ಡಿನ ಸಹಾಯಕರೊಬ್ಬರು ದಿನಕ್ಕೆ ಎರಡು ಮೂರು ಸಲ, ಸುಮಾರು 20 ನಿಮಿಷದಂತೆ, ಡಿಕಿಯ ಕೋಣೆಯಲ್ಲಿ ಕೂರುತ್ತಿದ್ದರು. ಮೊದಲು ಒಂದು ಟಿಕ್ ಸದ್ದಿನ ಆಟಿಕೆ. ನಮ್ಮ ಜಾತ್ರೆಗಳಲ್ಲಿ ಒತ್ತಿದರೆ ಟಿಕ್ ಅನ್ನುವ ತಗಡಿನ ಕಪ್ಪೆ ಮಾರುತ್ತಿದ್ದರಲ್ಲ, ಅಂಥದ್ದು. ಟಿಕ್ ಅಂದ ಕೂಡಲೇ ಒಂದು ಚೂರು ಮಿಠಾಯಿ ಅಥವಾ ಹಣ್ಣು. ಹೀಗೆ ಮಾಡುತ್ತಾ ಹೋದಾಗ ಆ ಸದ್ದಿಗೇ ಬೆಲೆ ಬಂತು. ಸದ್ದಿನ ಉಪಯೋಗ ಏನು? ತಿನಿಸನ್ನು ಕೈಗೆ ತಲುಪಿಸಲು ಮೂರು ನಾಲ್ಕು ಸೆಕೆಂಡ್ ಬೇಕು, ಅಷ್ಟರಲ್ಲಿ ಮಗು ಬೇರೇನೋ ಮಾಡಿರುತ್ತದೆ. ಟಿಕ್ ಅನ್ನುವುದು ಸರಿಯಾದ ಗಳಿಗೆಯಲ್ಲೇ ‘ಹಾಂ, ಇದೇ’ ಅಂತ ಹೇಳಿಬಿಡುತ್ತದೆ.

ಆಮೇಲೆ ಕೋಣೆ ತುಂಬ ಖಾಲಿ ಫ್ರೇಮುಗಳನ್ನು, ಗಾಜಿಲ್ಲದವು, ಅಲ್ಲಲ್ಲಿ ಇಟ್ಟರು. ಎತ್ತಿಕೊಂಡರೆ ಟಿಕ್. ಹಿಡಿದುಕೊಂಡರೆ ಟಿಕ್. ಹಿಡಿದು ನಡೆದಾಡಿದರೆ ಟಿಕ್. ಆಮೇಲೆ ಮುಖದ ಕಡೆ ತಂದರೆ ಮಾತ್ರ ಟಿಕ್. ಖಾಲಿ ಫ್ರೇಮ್ ಒಗ್ಗಿದ ಮೇಲೆ ಸಾದಾ ಗಾಜು, ಆಮೇಲೆ ನಿಧಾನವಾಗಿ ಪವರ್ ಇರುವ ಗಾಜು ಅಂತ ಯೋಜನೆ.

ನೋಡಲು ಎಷ್ಟು ಚೆನ್ನಾಗಿದೆ. ಆದರೆ ಕೆಲಸ ಆಗಲಿಲ್ಲ. ವಾರಗಳು ಹೋದವು. ಡಿಕಿ ಫ್ರೇಮನ್ನು ಮುಖದ ಹತ್ತಿರ ತರುತ್ತಿದ್ದ, ಆದರೆ ಕಿವಿಯ ಹಿಂದೆ ಸರಿಯಾಗಿ ಕೂರಿಸಿ ಕಣ್ಣಿಗೆ ನೇರ ಹಿಡಿಯುತ್ತಿರಲಿಲ್ಲ. ಬೇರೆಯವರು ಕೂರಿಸೋಣ ಅಂದರೆ ತಲೆ ಮುಟ್ಟಲು ಬಿಡುತ್ತಿರಲಿಲ್ಲ. ಗಡುವಿನ 6 ತಿಂಗಳು ಕರಗುತ್ತಿತ್ತು.

ಇಲ್ಲಿ ಪ್ರಬಂಧದ ಒಂದೊಂದು ಸಾಲನ್ನೂ ನಿಧಾನವಾಗಿ ಓದಬೇಕು. ಇಂಥ ಹೊತ್ತಿನಲ್ಲಿ ಹೇಳಲು ಬಾಯಿಗೆ ಸುಲಭವಾಗಿ ಬರುವ ಮಾತು ಯಾವುದು? ‘ಈ ಮಗುವಿಗೆ ಆಗಲ್ಲ’. ಡಿಕಿಯ ಫೈಲು ತುಂಬಾ ಅದಕ್ಕೆ ಬೇಕಾದ ಸಾಕ್ಷಿ ಇತ್ತು, ಎಷ್ಟು ಕಾಯಿಲೆಗಳ ಹೆಸರು! ಇವರು ಆ ಮಾತು ಬರೆಯಲಿಲ್ಲ. ತಪ್ಪು ನಮ್ಮ ಏರ್ಪಾಟಿನಲ್ಲಿದೆ ಅಂದುಕೊಂಡು ಅದನ್ನು ಒಂದೊಂದಾಗಿ ಬಿಚ್ಚಿ ನೋಡಿದರು. ಸಹಾಯಕರಿಗೆ ಮಗುವಿನ ಜೊತೆ ಒಳ್ಳೆ ಒಡನಾಟ ಇತ್ತು, ಆದರೆ ಶೇಪಿಂಗ್ ಮಾಡಿದ ಅನುಭವ ಇರಲಿಲ್ಲ. ಹೊಟ್ಟೆ ತುಂಬಿದ ಮಗುವಿಗೆ ಮಿಠಾಯಿ ಚೂರು ಅಷ್ಟೇನೂ ದೊಡ್ಡದಲ್ಲ. ಫ್ರೇಮ್ ಜಾರುತ್ತದೆ. ಮತ್ತೊಂದು, ನನಗೆ ತುಂಬಾ ಹಿಡಿಸಿದ್ದು: ಖಾಲಿ ಫ್ರೇಮ್ ಹಾಕಿಕೊಂಡರೆ ಮಗುವಿಗೆ ಏನು ಲಾಭ? ಏನೂ ಕಾಣುವುದಿಲ್ಲ, ಭಾರ ಮಾತ್ರ. ಪವರ್ ಗಾಜು ಇದ್ದರೆ ಲೋಕವೇ ಸ್ಪಷ್ಟವಾಗಿ ಕಾಣುತ್ತದೆ, ಆ ಕಾಣುವುದೇ ಬಹುಮಾನ ಆಗಬಹುದಲ್ಲ.

ಹಾಗಾಗಿ ಬದಲಾಯಿಸಿದರು. ದೊಡ್ಡವರ ಅಳತೆಯ ಫ್ರೇಮ್ ತಂದರು, ಕಿವಿಯ ಹಿಂದೆ ಸಿಕ್ಕಿಸಿಕೊಳ್ಳಲು ಸುಲಭವಾಗಲಿ ಅಂತ. ಜಾರದಿರಲು ತಲೆಯ ಮೇಲಿಂದ ಒಂದು ಪಟ್ಟಿ ಸೇರಿಸಿದರು. ಮೆಟ್ಟಿಲು ಮೆಟ್ಟಿಲಾಗಿ ಗಾಜು ಹಾಕುವ ಯೋಜನೆ ಬಿಟ್ಟು ನೇರವಾಗಿ ಪೂರ್ತಿ ಪವರಿನ ಗಾಜನ್ನೇ ಹಾಕಿದರು. ಮಿಠಾಯಿ ಬದಲು ಬೆಳಗಿನ ತಿಂಡಿಯನ್ನೇ ತುತ್ತು ತುತ್ತಾಗಿ ಪಾಠಕ್ಕೆ ಬಳಸಿದರು. ಆಗಲೂ ನಿಧಾನ. ಕೊನೆಗೆ ಒಂದು ದಿನ, ಬೆಳಿಗ್ಗೆಯಿಂದ ಹೊಟ್ಟೆಗೆ ಹೆಚ್ಚೇನೂ ಹೋಗದಿದ್ದ ದಿನ, ಮಧ್ಯಾಹ್ನ ಐಸ್‌ಕ್ರೀಮ್ ಇಟ್ಟುಕೊಂಡು ಕೂತರು. ಅವತ್ತು ಡಿಕಿ ಕನ್ನಡಕವನ್ನು ಸರಿಯಾಗಿ ಕೂರಿಸಿಕೊಂಡು ಅದರ ಮೂಲಕ ಆಟದ ಸಾಮಾನುಗಳನ್ನು ನೋಡಿದ.

ಇದರ ಬಗ್ಗೆ ಸುಮ್ಮನೆ ದಾಟಿ ಹೋಗಲು ನನಗೆ ಆಗುವುದಿಲ್ಲ. ಮಗುವನ್ನು ಹಸಿದಿರುವಂತೆ ಇಟ್ಟು ಕಲಿಸಿದರು. ಅವರ ಮುಂದೆ ಕಣ್ಣು ಹೋಗುವ ಭಯ ಇತ್ತು, ಬೇರೆಯದೆಲ್ಲ ಮಾಡಿ ನೋಡಿ ಆಗಿತ್ತು, ಡಾಕ್ಟರುಗಳಿದ್ದ ಆಸ್ಪತ್ರೆ ಅದು. ಆದರೂ ಇವತ್ತು ಇದನ್ನು ಯಾರೂ ಮಾಡಬಾರದು. ಮಗುವಿನ ಊಟ ಅದರ ಹಕ್ಕು, ಅದನ್ನು ಗಳಿಸಿ ತಿನ್ನು ಅನ್ನುವಂತಿಲ್ಲ. ಈಗ ಅದರ ಅಗತ್ಯವೂ ಇಲ್ಲ. ಮಗುವಿಗೆ ಏನು ಇಷ್ಟ ಅಂತ ಮೊದಲೇ ಪರೀಕ್ಷೆ ಮಾಡಿ ತಿಳಿಯುವ ವಿಧಾನಗಳಿವೆ: ಎರಡೆರಡು ವಸ್ತು ಮುಂದೆ ಇಟ್ಟು ಯಾವುದಕ್ಕೆ ಕೈ ಚಾಚುತ್ತದೆ ಅಂತ ಮತ್ತೆ ಮತ್ತೆ ನೋಡಿ ಬರೆದುಕೊಳ್ಳುವುದು. ಸೋಪಿನ ಗುಳ್ಳೆ, ಉಯ್ಯಾಲೆ, ತಿರುಗುವ ಬುಗುರಿ, ಯಾವುದೋ ಒಂದು ಹಾಡು, ಊಟಕ್ಕಿಂತ ದೊಡ್ಡ ಆಸೆ ಬೇರೆ ಇರುತ್ತದೆ. ನಿಮ್ಮ ಮಗುವಿನ ಜೊತೆ ಕೆಲಸ ಮಾಡುವವರು ಊಟ ತಡೆಹಿಡಿಯಿರಿ ಅಂತ ಹೇಳಿದರೆ ಒಪ್ಪಬೇಡಿ.

ಆ ದಿನದ ನಂತರ ಕೆಲಸ ಓಡಿತು. ಕನ್ನಡಕ ಹಾಕಿಕೊಂಡರೆ ಊಟ, ಹಾಕಿಕೊಂಡರೆ ಹೊರಗೆ ಸುತ್ತಾಟ, ಕಾರಿನಲ್ಲಿ ಸವಾರಿ. ತಿನಿಸಿನಿಂದ ದಿನದ ಸಹಜ ಸಂತೋಷಗಳ ಕಡೆಗೆ ದಾಟಿದರು. ಆಸ್ಪತ್ರೆ ಬಿಡುವ ಹೊತ್ತಿಗೆ ಡಿಕಿ ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಹಾಕುತ್ತಿದ್ದ, ಒಟ್ಟು 600 ಗಂಟೆಗೂ ಹೆಚ್ಚು ಆಗಿತ್ತು. ಈ ಲೆಕ್ಕಕ್ಕೇ ನಾನು ಕೈ ಮುಗಿಯುವುದು. ‘ಸ್ವಲ್ಪ ಸುಧಾರಿಸಿದ್ದಾನೆ’ ಅಂತ ಬರೆಯಲಿಲ್ಲ. ಗಂಟೆ ಎಣಿಸಿದರು.

ಎಣಿಸಿದ್ದರಿಂದಲೇ ಇನ್ನೊಂದು ವಿಷಯ ಸಿಕ್ಕಿತು. ಕನ್ನಡಕ ಹಾಕಲು ಕಲಿತ ಮೇಲೆ ಅದನ್ನು ಎಸೆಯುವುದು ಶುರುವಾಯಿತು, ದಿನಕ್ಕೆ ಸುಮಾರು ಎರಡು ಸಲ. ಗಾಜು ಒಡೆದರೆ ದುಡ್ಡು. ಎಸೆದ ತಕ್ಷಣ 10 ನಿಮಿಷ ಕೋಣೆಯಲ್ಲಿ ಅಂತ ನಿಯಮ ಮಾಡಿದರು. ಕೆಲವೇ ದಿನದಲ್ಲಿ ಎಸೆತ ನಿಂತಿತು. ಆದರೆ ವಾರ್ಡಿನ ಕೆಲವರಿಗೆ ಅನುಮಾನ. ಇದು ನಿಯಮದಿಂದ ನಿಂತದ್ದಾ, ತಾನಾಗಿ ನಿಂತದ್ದಾ? ನಿಯಮ ಬಿಟ್ಟರು. ಸ್ವಲ್ಪ ದಿನ ಏನೂ ಆಗಲಿಲ್ಲ, ಸುಮಾರು 3 ವಾರದ ಹೊತ್ತಿಗೆ ಎಸೆತ ಮತ್ತೆ ಏರಿತು. ನಿಯಮ ಮತ್ತೆ ತಂದರು. ಮತ್ತೆ ಇಳಿಯಿತು. ಎಬಿಎಯಲ್ಲಿ ಒಂದೇ ಮಗುವಿನ ಮೇಲೆ ಸಾಕ್ಷಿ ಸಿಗುವುದು ಹೀಗೆ. ಸಾವಿರ ಮಕ್ಕಳ ಸರಾಸರಿ ಬೇಡ. ಇದೇ ಮಗು, ಏರ್ಪಾಟು ಇದ್ದಾಗ ಹೀಗೆ, ತೆಗೆದಾಗ ಹಾಗೆ, ಮತ್ತೆ ತಂದಾಗ ಮತ್ತೆ ಹೀಗೆ. ಅನುಮಾನಪಟ್ಟ ಆ ಸಹಾಯಕರಿಂದಲೇ ಈ ಪ್ರಕರಣದ ಗಟ್ಟಿ ಸಾಕ್ಷಿ ಬಂತು ಅಂತ ನನ್ನ ಅಭಿಪ್ರಾಯ. ಪ್ರಶ್ನೆ ಕೇಳುವವರನ್ನು ಗದರಿಸಿ ಕೂರಿಸಿದ್ದರೆ ಇದು ಸಿಗುತ್ತಿರಲಿಲ್ಲ.

ಇದರಲ್ಲಿ ಒಂದು ಕೊರತೆಯೂ ಇದೆ. ಡಿಕಿ ಯಾಕೆ ತಲೆ ಚಚ್ಚಿಕೊಳ್ಳುತ್ತಿದ್ದ, ಯಾಕೆ ಎಸೆಯುತ್ತಿದ್ದ ಅಂತ ಇವರು ಬೇರೆಯಾಗಿ ಪರೀಕ್ಷೆ ಮಾಡಿ ನೋಡಲಿಲ್ಲ. ಆ ವಿಧಾನ ಆಗ ಇರಲೇ ಇಲ್ಲ. 1982ರಲ್ಲಿ ಬ್ರಯಾನ್ ಇವಾಟಾ ಮತ್ತು ಜೊತೆಗಾರರು ತಮ್ಮನ್ನು ತಾವೇ ಗಾಯ ಮಾಡಿಕೊಳ್ಳುವ 9 ಮಕ್ಕಳನ್ನು ಬೇರೆ ಬೇರೆ ಸನ್ನಿವೇಶದಲ್ಲಿ ಇಟ್ಟು ನೋಡಿದರು: ಹೊಡೆದುಕೊಂಡಾಗ ಯಾರಾದರೂ ಬಂದು ಕಾಳಜಿ ತೋರಿಸಿದರೆ, ಹೊಡೆದುಕೊಂಡಾಗ ಪಾಠ ನಿಲ್ಲಿಸಿದರೆ, ಒಂಟಿಯಾಗಿ ಬಿಟ್ಟರೆ, ಸುಮ್ನೆ ಆಡಲು ಬಿಟ್ಟರೆ. ಹೊರಗಿನಿಂದ ಒಂದೇ ಥರ ಕಾಣುವ ನಡವಳಿಕೆ ಒಂದು ಮಗುವಿಗೆ ಯಾರನ್ನೋ ಕರೆಯುವ ದಾರಿ, ಇನ್ನೊಂದಕ್ಕೆ ತಪ್ಪಿಸಿಕೊಳ್ಳುವ ದಾರಿ, ಮತ್ತೊಂದಕ್ಕೆ ಮೈಗೆ ಬೇಕಾದ ಅನುಭವ. ಕರೆಯುವ ಮಗುವಿಗೆ ಟೈಮ್‌ಔಟ್ ಕೆಲಸ ಮಾಡಬಹುದು. ತಪ್ಪಿಸಿಕೊಳ್ಳುವ ಮಗುವಿಗೆ ಅದೇ ಬೇಕಾದದ್ದು. ಮತ್ತು 1985ರಲ್ಲಿ ಕಾರ್ ಮತ್ತು ಡ್ಯುರಾಂಡ್ ಅನ್ನುವ ಇಬ್ಬರು ಸಂಶೋಧಕರು ತೋರಿಸಿದ ದಾರಿ ನನಗೆ ಎಲ್ಲಕ್ಕಿಂತ ಹತ್ತಿರದ್ದು: ಹೊಡೆದುಕೊಳ್ಳುವುದರಿಂದ ಸಿಗುತ್ತಿದ್ದದ್ದನ್ನು ಕೇಳಿ ಪಡೆಯಲು ಕಲಿಸಿ. ‘ಸಹಾಯ ಮಾಡಿ’, ‘ಸರಿ ಇದೆಯಾ?’ ಅನ್ನುವ ಒಂದು ಮಾತು. ಮಾತು ಬಾರದಿದ್ದರೆ ಒಂದು ಚಿತ್ರದ ಕಾರ್ಡ್, ಒಂದು ಕೈಸನ್ನೆ.

ಮಾತಿನ ವಿಷಯಕ್ಕೆ ಬಂದರೆ, ಡಿಕಿಗೆ ಶಬ್ದಗಳು ಇರಲಿಲ್ಲ ಅಂತಲ್ಲ. ಕೇಳಿದ ಹಾಡಿನ ತುಣುಕು ಹೇಳುತ್ತಿದ್ದ. ರಚ್ಚೆಯ ನಡುವೆ ದೊಡ್ಡವರ ಬೆದರಿಕೆಯ ಮಾತುಗಳನ್ನೇ ತಿರುಗಿಸಿ ಹೇಳುತ್ತಿದ್ದ. ಆದರೆ ಅದರಿಂದ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಸಹಾಯಕರು ಚಿತ್ರ ತೋರಿಸಿ ‘ಇದು ಬೆಕ್ಕು, ಈಗ ಹೇಳು, ಬೆಕ್ಕು’ ಅಂತ ಶುರು ಮಾಡಿದರು. ಹೇಳಿದರೆ ಒಂದು ತುತ್ತು. ಆಮೇಲೆ ‘ಇದು ಬೆಕ್ಕು’ ಅನ್ನುವ ಸುಳಿವನ್ನು ನಿಧಾನವಾಗಿ ಬಿಡುತ್ತಾ ಬಂದರು, ಕೊನೆಗೆ ಚಿತ್ರ ಕಂಡರೆ ಹೆಸರು ಬರುವಂತಾಯಿತು. ಈ ಸುಳಿವಿಗೆ ಪ್ರಾಂಪ್ಟ್ ಅಂತ ಹೆಸರು, ಸೈಕಲ್ ಕಲಿಸುವಾಗ ಸೀಟು ಹಿಡಿದು ಓಡಿ, ಗೊತ್ತಾಗದಂತೆ ಕೈ ಬಿಡುವ ಹಾಗೆ ಅದನ್ನು ಬಿಡಬೇಕು. ಚಿತ್ರದಿಂದ ಸುತ್ತಲ ವಸ್ತುಗಳಿಗೆ, ವಸ್ತುಗಳಿಂದ ಕಣ್ಣ ಮುಂದೆ ಇಲ್ಲದ ವಿಷಯಗಳಿಗೆ ಬಂದರು. ಇವತ್ತು ರಾತ್ರಿ ಎಲ್ಲಿಗೆ ಹೋಗುತ್ತೀಯ ಅಂತ ಕೇಳಿದರೆ ಮನೆಗೆ ಅಂತ ಹೇಳುವ ತನಕ.

ಸುಮಾರು 7 ತಿಂಗಳು ಆಸ್ಪತ್ರೆಯಲ್ಲಿದ್ದು ಡಿಕಿ ಮನೆಗೆ ಹೋದ. 6 ತಿಂಗಳ ನಂತರ ಅಮ್ಮ ಕೊಟ್ಟ ವರದಿ: ಕನ್ನಡಕ ಹಾಕುತ್ತಿದ್ದಾನೆ, ರಚ್ಚೆ ಇಲ್ಲ, ನಿದ್ದೆಯ ತೊಂದರೆ ಇಲ್ಲ, ಮಾತು ಹೆಚ್ಚುತ್ತಿದೆ, ಮನೆಯವರಿಗೆಲ್ಲ ಅವನಿಂದ ಸಂತೋಷ. ಆಮೇಲೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಿಶುವಿಹಾರಕ್ಕೆ ಸೇರಿದ. ಅಲ್ಲಿ ಮತ್ತೆ ರಚ್ಚೆ, ಚಿವುಟುವುದು ಕಾಣಿಸಿಕೊಂಡವು. ಆಸ್ಪತ್ರೆಯಲ್ಲಿ ಕಲಿತದ್ದು ಹೊಸ ಜಾಗಕ್ಕೆ ತಾನಾಗಿ ಬರಲಿಲ್ಲ, ಅಲ್ಲಿನ ಟೀಚರುಗಳು ಮತ್ತೆ ಕೆಲಸ ಮಾಡಬೇಕಾಯಿತು. 1967ರಲ್ಲಿ ಅದನ್ನೂ ಬರೆದು ಪ್ರಕಟಿಸಿದರು. 1972ರಲ್ಲಿ ಬೇರೆ ಇಬ್ಬರು ಸಂಶೋಧಕರು 13 ವರ್ಷದ ಡಿಕಿ ಹೇಗಿದ್ದಾನೆ ಅಂತ ಹೋಗಿ ನೋಡಿ, ಬಹುಕಾಲ ಉಳಿದ ಯಶಸ್ಸು ಅಂತಲೇ ಬರೆದರು.

ಕನ್ನಡಕ ಹಾಕದ ಮಗು ನಿಮ್ಮ ಮನೆಯಲ್ಲೂ ಇರಬಹುದು, ಆಟಿಸಂ ಇರಲಿ ಇಲ್ಲದಿರಲಿ. ಕಿವಿಗೆ ಹಾಕುವ ಹಿಯರಿಂಗ್ ಏಡ್ ಕಿತ್ತೆಸೆಯುವ ಮಗುವಿಗೂ ದಾರಿ ಇದೇ. ಮೊದಲು ಫ್ರೇಮ್ ಎಲ್ಲಾದರೂ ಒತ್ತುತ್ತಿದೆಯಾ, ಪವರ್ ಸರಿ ಇದೆಯಾ ಅಂತ ಡಾಕ್ಟರ ಹತ್ತಿರ ನೋಡಿಸಿ, ಏಕೆಂದರೆ ನೋವನ್ನು ಯಾವ ಬಹುಮಾನದಿಂದಲೂ ಮುಚ್ಚಬಾರದು. ಆಮೇಲೆ ಮಗುವಿಗೆ ತುಂಬಾ ಇಷ್ಟವಾದ, ಆದರೆ ಸ್ಪಷ್ಟವಾಗಿ ಕಂಡರೆ ಮಾತ್ರ ಮಜಾ ಕೊಡುವ ಒಂದು ವಸ್ತು ಆರಿಸಿ. ಚಿತ್ರದ ಪುಸ್ತಕವೋ, ಪುಟ್ಟ ರೈಲೋ, ಅಕ್ವೇರಿಯಂ ಮೀನೋ. ಕನ್ನಡಕ ಅದರ ಪಕ್ಕದಲ್ಲಿ ಇರಲಿ. ಮುಟ್ಟಿದರೆ ಖುಷಿಪಡಿ. ಮಗು ಬೇಡ ಅಂತ ತಲೆ ತಿರುಗಿಸಿದರೆ ನಿಲ್ಲಿಸಿ, ಕೈ ಹಿಡಿದು ತುರುಕಬೇಡಿ, ನಾಳೆ ಮತ್ತೆ ಕೂರಿ. ಮುಖಕ್ಕೆ ಬಂದ ದಿನ ಅದು ಜಾರುವ ಮುಂಚೆಯೇ, ಮಗು ತೆಗೆಯುವ ಮುಂಚೆಯೇ ನೀವೇ ‘ಸಾಕು, ಚೆನ್ನಾಗಿತ್ತು’ ಅಂತ ತೆಗೆದು ರೈಲು ಓಡಿಸಿ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ, ಎಷ್ಟು ಸೆಕೆಂಡ್ ಅಂತ ಬರೆಯಿರಿ. ಮೊದಲ ದಿನ 2 ಸೆಕೆಂಡ್ ಆದರೆ 2 ಅಂತಲೇ ಬರೆಯಿರಿ. ಒಂದು ವಾರ ಆ ಅಂಕಿ ಮೇಲೇಳದಿದ್ದರೆ ಮಗುವನ್ನು ಬೈಯುವ ಮುಂಚೆ ವಸ್ತು, ಹೊತ್ತು, ಫ್ರೇಮು, ಇವುಗಳಲ್ಲಿ ಒಂದನ್ನು ಬದಲಾಯಿಸಿ ಮತ್ತೆ ಎಣಿಸಿ.